ಹನ್ನೊಂದು ನಿಮಿಷದ ಮಾತು

ಪಿರೋಟ್, ಜೂನ್ ೧೨, ಗುರುವಾರ

ನನ್ನ ಮುದ್ದಿನ ತಿಹಾ,

ಹೇಗಿದ್ದೀಯ ಮಗಾ? ಮಂಡಿ ನೋವು ಕಡಿಮೆಯಾಯಿತೇ? ಬೆಳಗಿನ ಪ್ರಾರ್ಥನೆಗೆ ಕಲ್ಲು ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುತ್ತೀರೆಂದು ಬರೆದಿದ್ದೆ. ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ, ಮಲಗುವಾಗಲಾದರೂ ಹಾಕಿಕೋ. ಉಪವಾಸವೆಂದು ಎಣ್ಣೆಯೂ ಇಲ್ಲದ ಬೀನ್ಸ್ ಕಾಳು ಬೇಯಿಸಿ ತಿನ್ನುತ್ತೀರಂತೆ. ಮೊದಲೇ ನೀನು ಹಂಚಿಕಡ್ಡಿ. ಬಂದು ಕಣ್ಣಾರೆ ನೋಡೋಣವೆಂದರೆ ನಿಮ್ಮ ಪವಿತ್ರ ಬೆಟ್ಟಕ್ಕೆ ಹೆಂಗಸರು ಕಾಲಿಡುವಂತಿಲ್ಲ. ಹೆತ್ತವಳಿಗೂ ಬಾಗಿಲಿಲ್ಲದ ಮಠ ಅದೆಂಥದ್ದೋ. ಹೋಗಲಿ ಬಿಡು, ಬೈದರೆ ಪಾಪ ನನಗೇ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪ ಹೇಗಿದ್ದರೋ ಹಾಗೇ ಇದ್ದಾರೆ.

ಈಗ ನಿನ್ನ ಕಂಪ್ಯೂಟರಿನ ಕಥೆ ಹೇಳುತ್ತೇನೆ, ಕೇಳು. ನರಗಳ ಕಾಯಿಲೆಗೆ ಕೈ ಹೋಯಿತು, ನಾಲಿಗೆಯೂ ಹೋಯಿತು, ಇವರಿಗೆ ಉಳಿದಿರುವುದು ಕಣ್ಣು ಮಾತ್ರ ಎಂದು ಚಳಿಗಾಲದಲ್ಲಿ ಬರೆದಿದ್ದೆನಲ್ಲ. ಆಸ್ಪತ್ರೆಯವರು ಆ ಕಂಪ್ಯೂಟರಿನ ಪರದೆಯ ಕೆಳಗೆ ಒಂದು ಪುಟ್ಟ ಕ್ಯಾಮೆರಾ ಕೂರಿಸಿಕೊಟ್ಟರು. ನಿಮ್ಮಪ್ಪ ಪರದೆಯ ಮೇಲಿನ ಒಂದು ಅಕ್ಷರವನ್ನು ದಿಟ್ಟಿಸಿದರೆ ಅದು ಆ ಅಕ್ಷರವನ್ನು ಹಿಡಿಯುತ್ತದೆ. ಹೀಗೆ ಅಕ್ಷರಕ್ಕೆ ಅಕ್ಷರ ಸೇರಿ ಮಾತಾಗುತ್ತದೆ, ಕೊನೆಗೆ ಯಂತ್ರ ಅದನ್ನು ಓದಿ ಹೇಳುತ್ತದೆ. ದನಿ ಯಾವುದೋ ರೇಡಿಯೋ ವಾರ್ತೆಯವನದು. ಆ ದನಿಯಲ್ಲಿ ಇವರು ಮೊದಲು ಆಡಿದ ಮಾತು 'ಲೆಪಾ, ಸೂಪಿಗೆ ಉಪ್ಪಿಲ್ಲ'. ಮೂರು ತಿಂಗಳು ಮೂಕನಾಗಿದ್ದ ಗಂಡ ಬಾಯಿ ಬಿಟ್ಟದ್ದು ಇದಕ್ಕೆ. ನಾನು ಅಡುಗೆಮನೆಗೆ ಹೋಗಿ ಅತ್ತು ಉಪ್ಪಿನ ಡಬ್ಬಿ ತಂದೆ.

ಮಾರ್ಚಿನಲ್ಲಿ ಕ್ಯಾಮೆರಾದ ತಂತ್ರಾಂಶವೂ, ಪರದೆಯ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವೂ ಇಂಟರ್ನೆಟ್ಟಿನಲ್ಲಿ ತಾವೇ ಹೊಸದಾಗಿ ಇಳಿದವು, ಶನಿ ಹೆಗಲೇರಿತು. ಇವರು ಒಂದು ಮಾತು ಶುರು ಮಾಡಿ ಅರ್ಧಕ್ಕೆ ಬರುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಅರೆಗಳಿಗೆ ಬಿಟ್ಟು ಮರಳಿ ಬಂದು, ಗ್ರಾಫಿಕ್ಸ್ ಡ್ರೈವರ್ ನಿಂತುಹೋಗಿತ್ತು, ಈಗ ಚೇತರಿಸಿಕೊಂಡಿದೆ ಎನ್ನುತ್ತದೆ. ಅದೇನೋ ಚೇತರಿಸಿಕೊಂಡಿತು, ಇವರು ಬರೆದದ್ದಷ್ಟೂ ಅಳಿಸಿಹೋಗಿರುತ್ತದೆ. ಗಡಿಯಾರ ಇಟ್ಟು ನೋಡಿದೆ. ಸರಿಯಾಗಿ ಹನ್ನೊಂದು ನಿಮಿಷ. ಹನ್ನೊಂದು ನಿಮಿಷಕ್ಕೆ ನಿಮ್ಮಪ್ಪನ ಕಣ್ಣಿಗೆ ಆರೇಳು ಪದ ದಕ್ಕುತ್ತವೆ. ಮೂವತ್ತು ವರ್ಷ ಟೈರ್ ಕಾರ್ಖಾನೆಯಲ್ಲಿ ಗಂಟಲು ಹರಿಯುವಂತೆ ಕೂಗಾಡಿದ ಮನುಷ್ಯನಿಗೆ ಈಗ ಹೊತ್ತಿಗೆ ಆರು ಪದ.

ನಾನು ಬಟ್ಟೆ ಹೊಲಿದವಳು, ನನಗೆ ಡ್ರೈವರ್ ಎಂದರೆ ಬಸ್ಸಿನವನೇ. ಆದರೂ ಕಲಿತೆ. ನಿನ್ನ ಜೊತೆ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡುತ್ತಿದ್ದ ಸ್ಲಾವಿಶಾ ದಾರಿ ತೋರಿಸಿದ. ಯಂತ್ರವನ್ನು ಬರಿಯ ಮೂಳೆಯ ಮೇಲೆ ಎಬ್ಬಿಸುವ ಸೇಫ್ ಮೋಡ್ ಒಂದಿದೆಯಲ್ಲ, ಅದರೊಳಗೆ ಹೋಗಿ ಹೊಸ ಡ್ರೈವರನ್ನು ಬೇರು ಸಮೇತ ಕಿತ್ತು ಹಾಕಿದೆವು. ನಿನ್ನ ಮೇಜಿನ ಖಾನೆಯಲ್ಲಿದ್ದ ಹಳೆಯ ಡಿಸ್ಕಿನಿಂದ ಹಳೆಯದನ್ನು ಹಾಕಿದೆವು. ಮಾರನೆಯ ದಿನ ನೋಡಿದರೆ ಹೊಸದು ಮತ್ತೆ ಇಂಟರ್ನೆಟ್ಟಿನಲ್ಲಿ ತಾನೇ ಇಳಿದು ಬಂದು ಕೂತಿದೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ. ಆಮೇಲೆ ಇಂಟರ್ನೆಟ್ ತಂತಿಯನ್ನೇ ಕಿತ್ತೆಸೆದು ಮತ್ತೆ ಹಳೆಯದನ್ನು ಹಾಕಿದೆವು. ಪರದೆ ಎರಡು ಗಂಟೆಯಾದರೂ ಕಪ್ಪಾಗಲಿಲ್ಲ. ನಾನು ದೇವರ ಪಟದ ಮುಂದೆ ಮೇಣದಬತ್ತಿ ಹಚ್ಚಿ ಬಂದು ನೋಡುತ್ತೇನೆ, ಕಣ್ಣಿನ ಕ್ಯಾಮೆರಾ ಸತ್ತಿದೆ. ಮಾರ್ಚಿನಿಂದ ಅದಕ್ಕೆ ಹೊಸ ಡ್ರೈವರೇ ಬೇಕಂತೆ, ಹಳೆಯದರ ಜೊತೆ ಅದು ಮಾತಾಡುವುದಿಲ್ಲವಂತೆ. ಹಳೆಯದಿದ್ದರೆ ಕಣ್ಣಿಲ್ಲ, ಹೊಸದಿದ್ದರೆ ಪರದೆಯಿಲ್ಲ. ಅತ್ತ ದರಿ, ಇತ್ತ ಪುಲಿ. ಹೀಗೆ ಎಷ್ಟು ಸಲ ಕಿತ್ತೆವು, ಎಷ್ಟು ಸಲ ಹಾಕಿದೆವು ಎಂದು ಲೆಕ್ಕ ತಪ್ಪಿದೆ. ಒಂದು ದಿನ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟೆ. ನಿನ್ನನ್ನೂ ಬೈದೆ, ನಿನ್ನ ದೇವರನ್ನೂ ಬೈದೆ. ಇದನ್ನೆಲ್ಲ ತಿಳಿದವನು ಸಮುದ್ರದಾಚೆ ಗಂಟೆ ಬಾರಿಸುತ್ತಾ ಕೂತಿದ್ದಾನೆ, ಇಲ್ಲಿ ಸೂಜಿ ಹಿಡಿದವಳು ಯಂತ್ರ ಬಿಚ್ಚಬೇಕು ಎಂದು ಗೋಡೆಗೆ ಹೇಳಿಕೊಂಡೆ.

ಸ್ಲಾವಿಶಾ ಒಳ್ಳೆಯವನು. 'ಚಿಕ್ಕಮ್ಮಾ, ಈ ಮುದಿ ಎತ್ತಿನ ಬಾಲ ಯಾಕೆ ತಿರುವ್ತೀರಿ, ನನ್ನ ಲ್ಯಾಪ್‌ಟಾಪ್ ತಗೊಳ್ಳಿ, ಸುಮ್ನೆ ಬಿದ್ದಿದೆ' ಎಂದು ತಂದೇ ಬಿಟ್ಟ. ನಿಮ್ಮಪ್ಪನ ಮುಂದೆ ಇಟ್ಟೆವು. ಕಣ್ಣು ಮುಚ್ಚಿದವರು ಸಂಜೆಯವರೆಗೆ ತೆರೆಯಲಿಲ್ಲ. ಸೂಪು ತಂದರೂ ಇಲ್ಲ, ಬೈದರೂ ಇಲ್ಲ. ಹೆದರಿ ಮತ್ತೆ ನಿನ್ನ ಕಂಪ್ಯೂಟರನ್ನೇ ತಂದಿಟ್ಟೆ. ಆಗ ಕಣ್ಣು ಬಿಟ್ಟು, ಪರದೆ ಸಾಯುವ ಮೊದಲು ಎರಡು ಮಾತು ಬರೆದರು. 'ತಿಹಾ ಕಟ್ಟಿದ್ದು. ಬದಲಿಸಬೇಡ.' ಕೇಳಿಸಿತೇ ಮಗಾ? 'ಸನ್ಯಾಸಿ ಅಂಗಿ ಹಾಕ್ಕೊಂಡು ಈ ಹೊಸಲು ತುಳೀಬೇಡ' ಎಂದು ನಿನ್ನ ಮುಖಕ್ಕೆ ಬಾಗಿಲು ಹಾಕಿದ ಮನುಷ್ಯ ಇವರೇ. ನೀನೂ ಅವರ ಮಗನೇ ತಾನೆ, ಎರಡು ವರ್ಷದಿಂದ ಆ ಮಾತನ್ನು ವ್ರತದಂತೆ ಪಾಲಿಸುತ್ತಿದ್ದೀಯ.

ಕೊನೆಗೆ ಸ್ಲಾವಿಶಾ ಒಂದು ದಿನ ಕಂಪ್ಯೂಟರಿನ ಮೈ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡ. ಹೊಸ ಡ್ರೈವರ್ ಕಾರ್ಡಿನ ಫ್ಯಾನನ್ನು ತಿರುಗಿಸುತ್ತಲೇ ಇಲ್ಲವಂತೆ. ಕಾರ್ಡು ಕಾದು ಕೆಂಡವಾಗಿ, ಹನ್ನೊಂದನೇ ನಿಮಿಷಕ್ಕೆ ಡ್ರೈವರ್ ಬಿದ್ದುಹೋಗುತ್ತದಂತೆ. ಇನ್ನು ನಾನು ಅದರ ಮೇಲೆ ಹೊದಿಸಿದ್ದ ಕ್ರೋಶಾ ವಸ್ತ್ರವನ್ನು ನೋಡಿ ಅವನು ನಕ್ಕು ನಕ್ಕು ಸುಸ್ತಾದ. 'ಇದೇನು ಚಿಕ್ಕಮ್ಮಾ, ಇದಕ್ಕೂ ಚಳಿಯಾ?' ಎಂದ. ನಗಲಿ, ಟಿವಿಗೂ ಫ್ರಿಜ್ಜಿಗೂ ಹೊದಿಸಿದವಳು ಇದನ್ನೊಂದು ಬತ್ತಲೆ ಬಿಡಲೇ? ವಸ್ತ್ರ ತೆಗೆದ, ಬದಿಯ ತಗಡು ಬಿಚ್ಚಿದ, ಅಂಗಳದ ಕಿಟಕಿಯನ್ನೂ ಎದುರಿನ ಬಾಗಿಲನ್ನೂ ತೆರೆದಿಡಿ ಎಂದ. ಎದುರುಬದುರು ಗಾಳಿ! ನನ್ನಮ್ಮ ಸತ್ತದ್ದು ಅದರಿಂದಲೇ. ಈ ಊರಿನಲ್ಲಿ ಬಸ್ಸಿನಲ್ಲಿ ಕೂಡ ಎರಡು ಕಿಟಕಿ ಒಟ್ಟಿಗೆ ತೆರೆಯಲು ಯಾರೂ ಬಿಡುವುದಿಲ್ಲ, ನಾನು ಕೂತಲ್ಲಿಂದ ಏಳಲಾರದವರ ಬೆನ್ನಿಗೆ ಗಾಳಿ ಬಿಡಲೇ? ಆಗುವುದಿಲ್ಲ ಎಂದೆ. ನಿಮ್ಮಪ್ಪ ಅಂದಿನ ಹನ್ನೊಂದು ನಿಮಿಷದಲ್ಲಿ ಬರೆದದ್ದು ಎರಡೇ ಪದ, 'ಕಿಟಕಿ ತೆರೆ'. ಮಾರನೆಯ ದಿನವೂ ಅದೇ. ಮೂರನೆಯ ದಿನ ನಾನೇ ಸೋತೆ. ಅವರಿಗೆ ಟೊಪ್ಪಿಗೆ ಹಾಕಿ, ಶಾಲು ಸುತ್ತಿ, ಜೂನಿನ ಬಿಸಿಲಿನಲ್ಲಿ ಹಿಮದ ಬೊಂಬೆಯಂತೆ ಕೂರಿಸಿ ತೆರೆದೆ.

ನಲವತ್ತು ನಿಮಿಷ ನಡೆಯಿತು ತಿಹಾ. ಪರದೆ ಒಂದು ಸಲವೂ ಮಿಟುಕಲಿಲ್ಲ. ನೀನು ಮುಚ್ಚಿಟ್ಟು ಹೋದ ಅಂಗಡಿಯ ಶಟರಿಗೆ ಎಣ್ಣೆ ಹಾಕಿಸು ಎಂದರು. ಸೂಪನ್ನು ಮತ್ತೆ ಬೈದರು. ಆಮೇಲೆ 'ತಿಹಾಗೆ ಬರೆ' ಎಂದು ಶುರು ಮಾಡಿದರು. 'ಅವನು ಹೋದ ದಿನ ಬಸ್ ನಿಲ್ದಾಣಕ್ಕೆ ಬಂದಿದ್ದೆ. ಕಂಬದ ಹಿಂದೆ ನಿಂತಿದ್ದೆ. ಹೇಳೋದು ಇನ್ನೂ ಇದೆ.' ಅಂದು ನನಗೆ ಬ್ರೆಡ್ ತರಲು ಹೋಗುತ್ತೇನೆಂದು ಹೇಳಿ ಬರಿಗೈಯಲ್ಲಿ ಬಂದಿದ್ದರು, ಮರೆತಿರಾ ಎಂದು ನಾನು ಜಗಳವಾಡಿದ್ದೆ. ಆಮೇಲೆ ಕಣ್ಣು ದಣಿಯಿತು, ಉಳಿದದ್ದು ನಾಳೆ ಎಂದು ಪರದೆ ಆರಿಸಿದೆ.

ಆದ್ದರಿಂದ ನಿನ್ನಲ್ಲಿ ಕೇಳುವುದು ಇಷ್ಟೇ. ಆ ಫ್ಯಾನನ್ನು ಡ್ರೈವರಿನ ಹಂಗಿಲ್ಲದೆ ತಿರುಗಿಸುವ ಉಪಾಯವಿದೆಯೇ? ಕ್ಯಾಮೆರಾಕ್ಕೂ ಒಗ್ಗುವ, ಕಾರ್ಡನ್ನೂ ಸುಡದ ನಡುವಿನ ಡ್ರೈವರ್ ಯಾವುದಾದರೂ ಇದೆಯೇ? ನಿನ್ನ ಹಿರಿಯ ಗುರುಗಳ ಅಪ್ಪಣೆ ಪಡೆದು, ನನಗೆ ತಿಳಿಯುವ ಹಾಗೆ ಬಿಡಿಸಿ ಬರೆ. ಅವರ ಪಾದಕ್ಕೆ ನನ್ನ ನಮಸ್ಕಾರ ತಿಳಿಸು. ದೇವಮಾತೆ ನಿನ್ನ ತಲೆ ಕಾಯಲಿ, ಹೊಟ್ಟೆಯನ್ನೂ ಕಾಯಲಿ.

ನಿನ್ನ ಅಮ್ಮ,
ಲೆಪೊಸಾವಾ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಹರಿದು ಬರೆಯುತ್ತಿದ್ದೇನೆ. ಅಪ್ಪ ಹಾಗೇ ಇದ್ದಾರೆ ಎಂದದ್ದು ಸುಳ್ಳು. ಕಿಟಕಿ ತೆರೆದ ಮಾರನೆಯ ದಿನವೇ ಜ್ವರ ಬಂತು, ಕಫ ಎದೆಗೆ ಇಳಿದಿದೆ. ಅಂದು ಅವರ ಕಣ್ಣಿಗೆ ದಕ್ಕಿದ್ದು 'ತಿಹಾಗೆ ತಿಳಿಸಬೇಡ' ಎಂಬುದಷ್ಟೇ, ಆಗಲಿ ಎಂದು ಮಾತು ಕೊಟ್ಟಿದ್ದೆ, ಮುರಿಯುತ್ತಿದ್ದೇನೆ. ಡಾಕ್ಟರು ಈಗ ತಾನೇ ಹೋದರು. ಗಾಳಿಯಿಂದಲ್ಲಮ್ಮಾ, ನುಂಗಲಾಗದೆ ಹೀಗಾಗಿದೆ, ಇದು ಆ ಕಾಯಿಲೆಯ ದಾರಿಯೇ ಎಂದರು. ಅವರು ಓದಿದವರು, ಹಾಗೆನ್ನುತ್ತಾರೆ. ತೆರೆದವಳು ನಾನು. ಹೆಚ್ಚೆಂದರೆ ಹತ್ತು ದಿನ ಎಂದಿದ್ದಾರೆ. ನಿಮಗೆ ಫೋನ್ ಇಲ್ಲವಲ್ಲ, ಇಂದೇ ಬೆಟ್ಟಕ್ಕೆ ಹೊರಟ ಯಾತ್ರಿಕರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಡ್ರೈವರಿನ ವಿಷಯ ಬರೆಯಬೇಡ, ಏನೂ ಬರೆಯಬೇಡ, ಸಿಕ್ಕಿದ ದೋಣಿ ಹತ್ತಿ ಬಾ. ಅಂಗಿ ಯಾವುದಾದರೂ ಇರಲಿ, ಹೊಸಲು ನನ್ನದೂ ಹೌದು. ಕಿಟಕಿ ಮುಚ್ಚಿದ್ದೇನೆ, ಅವರು ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದಾರೆ. ತೆರೆಯಲೋ ಬೇಡವೋ ನನಗೆ ತಿಳಿಯುತ್ತಿಲ್ಲ ಮಗಾ, ಬಂದು ನೀನೇ ಹೇಳು.