ಗೋಡೆಗೆ ತೂಗಿದ ಲಂಗ

ಇನ್ನಿಸ್‌ಫೇಲ್
9 ಆಗಸ್ಟ್ 2016

ಬ್ಲಿಯಾಳಿಗೆ ಅತ್ತಿಗೆ ಯೆರ್‌ಳ ಆಶೀರ್ವಾದ. ಬೈಗುಳ ಆಮೇಲೆ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಬರೆದದ್ದನ್ನು ಓದದೆ ಹರಿದು ಬಿಸಾಡುವಷ್ಟು ಕಲ್ಲುಮನಸ್ಸು ನಿನಗಿಲ್ಲ. ನೀನು ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗಿನಿಂದ ನಿನ್ನನ್ನು ನೋಡಿದವಳು ನಾನು.

ನಿಮ್ಮವ್ವ ಹಾಸಿಗೆ ಹಿಡಿದು ತಿಂಗಳಾಯಿತು. ಗಂಜಿ ಎರಡು ಚಮಚ ಒಳಗೆ ಹೋದರೆ ಹೆಚ್ಚು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನ ಇಲ್ಲ ಎಂದರು. ಒಳಗೆ ಬಂದರೆ ಅತ್ತೆಯೇ ಕೇಳಿದರು: "ಏನಂತೆ? ನಾನು ಹೋಗೋದಕ್ಕೆ ಅವನ ಅಪ್ಪಣೆ ಬೇಕಂತಾ?" ಬಾಯಿ ಮಾತ್ರ ಮೊದಲಿನ ಹಾಗೇ ಇದೆ, ಆ ಚಿಂತೆ ಬೇಡ.

ಸಾವಿಗೆ ಅವರು ಹೆದರಿಲ್ಲ. ಹೆದರಿರುವುದು ಬಟ್ಟೆಗೆ. ನೀನು ಚರ್ಚಿಗೆ ಸೇರಿ ಇಪ್ಪತ್ತು ವರ್ಷವಾದರೂ ಇದನ್ನು ಮರೆತಿರಲಾರೆ. ಆಚೆ ಕಡೆ ಹಿರಿಯರು ಮುಖ ನೋಡುವುದಿಲ್ಲ, ಮೈಮೇಲಿನ ಬಟ್ಟೆ ನೋಡುತ್ತಾರೆ. ಭಂಗಿ ನಾರಿನದಾದರೆ ನಮ್ಮವಳು ಬಂದಳು ಎಂದು ಒಳಗೆ ಕರೆಯುತ್ತಾರೆ. ಬೇರೆ ಯಾವುದಾದರೂ ಆದರೆ ಯಾರೋ ಪರದೇಶಿ ಎಂದು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಲಾವೋಸಿನ ಬೆಟ್ಟದಲ್ಲಿ ತಾನೇ ನೇಯ್ದ ಲಂಗವನ್ನು ಅತ್ತೆ ಮೆಕಾಂಗ್ ದಾಟಿಸಿ, ನಿರಾಶ್ರಿತರ ಕ್ಯಾಂಪಿನಲ್ಲಿ ಏಳು ವರ್ಷ ತಲೆದಿಂಬಿನಡಿ ಇಟ್ಟುಕೊಂಡು ಇಲ್ಲಿವರೆಗೆ ತಂದಿದ್ದು ಇದಕ್ಕಾಗಿಯೇ. ಆದರೆ ನಾಲ್ಕು ವರ್ಷದ ಹಿಂದೆ ಬಾಳೆತೋಟದಲ್ಲಿ ಟ್ರ್ಯಾಕ್ಟರ್ ಮಗುಚಿ ನಿನ್ನ ಅಣ್ಣ ನೆಂಗ್ ಹೋದಾಗ ಅವನಿಗೆಂದು ಏನೂ ಇರಲಿಲ್ಲ. ನಲವತ್ತೆಂಟು ವರ್ಷದ ಗಂಡಸು ಸಾವಿನ ಬಟ್ಟೆ ತೆಗೆದಿಟ್ಟುಕೊಂಡಿರುತ್ತಾನೆಯೇ? ಅತ್ತೆ ತನ್ನ ಲಂಗದ ಹೊಲಿಗೆ ತಾನೇ ಬಿಚ್ಚಿ ಮಗನಿಗೆ ಅಂಗಿ ಹೊಲಿದರು. ಸೂಜಿಗೆ ದಾರ ಪೋಣಿಸಿಕೊಡುವುದಷ್ಟೇ ನನ್ನ ಕೆಲಸವಾಗಿತ್ತು. ನೀನು ಹೋಬಾರ್ಟಿನಿಂದ ಹೂವು ಕಳಿಸಿದ್ದೆ. ಬರಲಿಲ್ಲ. ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ, ಬಚ್ಚಿಡುವುದಿಲ್ಲ.

ನಾನು ಸುಮ್ಮನೆ ಕೂತಿರಲಿಲ್ಲ ಬ್ಲಿಯಾ. ಕಳೆದ ವರ್ಷ ಲಾವೋಸಿಗೆ ಹೋಗಿ ಬಂದವರೊಬ್ಬರ ಕೈಯಲ್ಲಿ ಒಂದು ಹಿಡಿ ಬೀಜ ಬಂತು. ಹೇಗೆ ಬಂತೆಂದು ಕೇಳಬೇಡ. ಹಿಂದಿನ ಬಾಳೆಸಾಲುಗಳ ನಡುವೆ ಒತ್ತೊತ್ತಾಗಿ ಬಿತ್ತಿದೆ. ಗಿಡ ಸೊಂಟದವರೆಗೆ ಬಂದಾಗ ಪಕ್ಕದ ತೋಟದ ಪಂಜಾಬಿ ಮುದುಕ ಗುರ್ಮೇಜ್ ಬೇಲಿಯಾಚೆ ನಿಂತು ಬಾಯಿತುಂಬಾ ನಕ್ಕ. "ನಮ್ಮೂರಲ್ಲಿ ಇದನ್ನ ಬಾದಾಮಿ ಜೊತೆ ಅರೆದು ಕುಡೀತಾರಮ್ಮ. ನೀವು ಉಡ್ತೀರಾ! ಭೇಷ್!" ಅವನು ಯಾರಿಗೂ ಹೇಳಲಿಲ್ಲ, ಆಣೆ ಮಾಡಬಲ್ಲೆ. ಆದರೂ ಪೊಲೀಸರು ಬಂದರು. ಕೂದಲು ಕೆಂಪಗಿದ್ದ ಒಬ್ಬ ಅಧಿಕಾರಿ ಮಂಚದ ಮೇಲಿದ್ದ ಅತ್ತೆಯನ್ನು ನೋಡಿ, "ಅಜ್ಜಿ ಸೇದ್ತಾರಾ?" ಎಂದ. ನಾನು ಬಟ್ಟೆ ಎಂದೆ, ನಾರು ಎಂದೆ, ಸಾವು ಎಂದೆ. ನನ್ನ ಇಂಗ್ಲಿಷಿನಲ್ಲಿ ಅದೆಲ್ಲ ಇನ್ನಷ್ಟು ಅನುಮಾನ ತರಿಸುವ ಹಾಗೆ ಕೇಳಿಸಿತೋ ಏನೋ. ಒಳ್ಳೆಯವನೇ, ಕೇಸು ಹಾಕಲಿಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟ. ಆದರೆ ಗಿಡ ಒಂದೂ ಬಿಡದೆ ಕಿತ್ತುಕೊಂಡು ಹೋದರು.

ಆಮೇಲೆ ಅಂಗಡಿಯಿಂದ ಭಂಗಿ ಬಟ್ಟೆಯೆಂದು ಐದು ಮೀಟರ್ ತರಿಸಿ ಹೊಲಿದೆ. ಪ್ರತಿ ಹೊಸವರ್ಷಕ್ಕೂ ಊರ ಹುಡುಗಿಯರಿಗೆ ಲಂಗ ಹೊಲಿದುಕೊಡುವವಳು ನಾನು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿ ಸೊಂಟಕ್ಕೆ ಜಿಪ್ ಇಟ್ಟುಬಿಟ್ಟಿತು. ಸತ್ತವರ ಮೈಮೇಲೆ ಕಬ್ಬಿಣದ ಚೂರೂ ಇರಬಾರದು, ಗೊತ್ತಲ್ಲ! ಅತ್ತೆ ಆ ಜಿಪ್ಪನ್ನು ಮೇಲೆ ಕೆಳಗೆ ಎಳೆದು ನೋಡಿ, "ಏನೇ ಯೆರ್, ನನ್ನನ್ನ ಗಂಡು ಹುಡುಕೋಕೆ ಹೊಸವರ್ಷದ ಚೆಂಡಾಟಕ್ಕೆ ಕಳಿಸ್ತಿದ್ದೀಯಾ? ನಾನು ಎಸೆದ ಚೆಂಡನ್ನ ಯಾವ ಹುಡುಗ ಹಿಡೀತಾನೆ?" ಎಂದರು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಅವರು ಬಟ್ಟೆಯ ಮೇಲೆ ಬೆರಳಾಡಿಸಿದರು. ನಾರಿಗೆ ನಾರು ಕೈಯಲ್ಲಿ ಹೊಸೆದು ಸೇರಿಸಿದ ಜಾಗ ಹುಡುಕುತ್ತಿದ್ದರು. ಒಂದೂ ಸಿಗಲಿಲ್ಲ. "ಇದು ಮಿಷಿನ್ನಿನದು. ಇದನ್ನ ಉಟ್ಟು ಹೋದ್ರೆ ನಮ್ಮವ್ವ ನನ್ನ ಗುರುತು ಹಿಡಿಯಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ನನ್ನ ಹತ್ತಿರ ಒಂದೆಳೆಯೂ ಇಲ್ಲ. ಕ್ಯಾಂಪಿನಲ್ಲಿ ಹುಟ್ಟಿದವಳಿಗೆ ಎಲ್ಲಿಂದ ಬರಬೇಕು? ಇರುವುದು ನಿನ್ನ ಹತ್ತಿರ. ಅತ್ತೆ ಬೆಟ್ಟದಲ್ಲೇ ನೇಯ್ದು ತಂದು ನಿನ್ನ ಮದುವೆಯಲ್ಲಿ ಕೊಟ್ಟ ಲಂಗವನ್ನು ಗಾಜಿನ ಚೌಕಟ್ಟು ಹಾಕಿಸಿ ಹಜಾರದ ಗೋಡೆಗೆ ತೂಗುಹಾಕಿದ್ದೀಯಂತೆ. ಬಂದವರೆಲ್ಲ ಚೆನ್ನಾಗಿದೆ ಎನ್ನುತ್ತಾರಂತೆ. ಚೆನ್ನಾಗಿಲ್ಲದೆ ಏನು? ಆದರೆ ನೀನು ಅದನ್ನು ಉಟ್ಟು ಹೋಗುವವಳಲ್ಲ. ನಿನ್ನ ದೇವರು ಬಟ್ಟೆ ಕೇಳುವುದಿಲ್ಲ. ನಿಮ್ಮವ್ವನ ಹಿರಿಯರು ಕೇಳುತ್ತಾರೆ. ಗಾಜು ಒಡೆದು ಅದನ್ನು ಕಳಿಸಿಕೊಡು. ನೀನು ನಂಬಬೇಕೆಂದು ಕೇಳುತ್ತಿಲ್ಲ, ಅವರು ನಂಬುತ್ತಾರೆ ಎನ್ನುವುದನ್ನಾದರೂ ನೋಡು. ನಾನು ಹೀಗೆ ಬರೆಯುತ್ತಿರುವುದು ಅತ್ತೆಗೆ ಗೊತ್ತಿಲ್ಲ. "ಕೊಟ್ಟದ್ದನ್ನ ವಾಪಸ್ ಕೇಳಬಾರದು, ಸುಮ್ನಿರು," ಎಂದಿದ್ದರು. ಹಾಗೆಂದವರು ಆ ದಿನವೆಲ್ಲ ನಿನ್ನ ಹೆಸರು ಹಿಡಿದು ನನ್ನನ್ನು ಕರೆಯುತ್ತಿದ್ದರು.

ಬೈಗುಳ ಬರೆಯಲು ಜಾಗವಿಲ್ಲ. ಬಂದರೆ ಎದುರಿಗೇ ಬೈಯುತ್ತೇನೆ.

ನಿನ್ನ ಅತ್ತಿಗೆ,
ಯೆರ್

ತಾ. ಕ. 13 ಆಗಸ್ಟ್. ಈ ಕಾಗದ ನಾಲ್ಕು ದಿನ ಫ್ರಿಜ್ಜಿನ ಮೇಲೇ ಇತ್ತು. ಅಂಚೆಗೆ ಹಾಕಲು ಕೈ ಬರಲಿಲ್ಲ. ಯಾಕೆಂದರೆ ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನನ್ನ ಹತ್ತಿರ ಲಂಗ ಇತ್ತು. ನಮ್ಮಮ್ಮ ಬೆಟ್ಟದಲ್ಲಿರುವಾಗಲೇ ನೇಯ್ದು ತಂದದ್ದು. ಅಕ್ಕಿ ಡಬ್ಬದ ತಳದಲ್ಲಿ ಇಟ್ಟಿದ್ದೆ. ಅತ್ತೆ ಗೋಡೆಯ ಕಡೆ ತಿರುಗಿದ ದಿನದಿಂದ ಎಷ್ಟು ಸಲ ಹೊರಗೆ ತೆಗೆದೆನೋ, ಅಷ್ಟೇ ಸಲ ಮತ್ತೆ ಅಕ್ಕಿಯಡಿ ಹೂತಿಟ್ಟೆ. ನೆಂಗ್ ಅಲ್ಲಿದ್ದಾನೆ. ಬಾಗಿಲಲ್ಲೇ ನನ್ನನ್ನು ನಿಲ್ಲಿಸಿದರೆ ಅವನ ಹತ್ತಿರ ಹೋಗುವುದು ಹೇಗೆ ಎಂದು ಭಯವಾಗಿತ್ತು. ನನ್ನದನ್ನು ಉಳಿಸಿಕೊಳ್ಳಲು ನಿನ್ನದನ್ನು ಕೇಳಿದೆ. ಥೂ, ನನ್ನ ಬುದ್ಧಿಗೆ.

ಗುರುವಾರ ಬೆಳಿಗ್ಗೆ ಅತ್ತೆಯ ಉಸಿರು ಬದಲಾಯಿತು. ಆಗ ತಂದು ಕೈಗೆ ಕೊಟ್ಟೆ. "ಯಾರದು?" ಎಂದು ಕೇಳಿದರು. "ಬ್ಲಿಯಾ ಕಳಿಸಿದ್ದಾಳೆ" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ, ಬಾಯಿಂದ ಬಂದುಬಿಟ್ಟಿತು. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡು, "ನಾನು ಹೇಳಿರಲಿಲ್ವಾ, ನನ್ನ ಹುಡುಗಿ ಹಾಗೆಲ್ಲ ಮರೆಯೋಳಲ್ಲ," ಎಂದರು. ಮಧ್ಯಾಹ್ನ ಹೋದರು. ಸುದ್ದಿಯನ್ನು ನಿನ್ನ ಫೋನಿನಲ್ಲಿ ಹೇಳಿಟ್ಟಿದ್ದೇನೆ, ಕೇಳಿರುತ್ತೀಯ.

ಮಣ್ಣು ಮಾಡಲು ಊರ ಹಿರಿಯರು 26ನೇ ತಾರೀಖು ಶುಕ್ರವಾರಕ್ಕೆ ದಿನ ಇಟ್ಟಿದ್ದಾರೆ. ಸತ್ತವರಿಗೆ ಹಿರಿಯರ ಬಳಿಗೆ ದಾರಿ ತೋರಿಸುವ ಹಾಡು ಹಾಡುವವನಿಗೂ ಅದು ನೀನು ಕಳಿಸಿದ ಲಂಗ ಎಂದೇ ಹೇಳಿದ್ದೇನೆ. ನೀನು ಬಂದರೆ ಎಲ್ಲರೂ ಕೇಳುತ್ತಾರೆ. ಹೌದು ಎನ್ನು, ಅಷ್ಟು ಸಾಕು. ಗೋಡೆಯ ಮೇಲಿರುವುದನ್ನು ತರುವುದು ಬಿಡುವುದು ನಿನಗೆ ಬಿಟ್ಟದ್ದು. ತಂದರೆ ಅದು ನನಗೆ, ಬ್ಲಿಯಾ. ಈ ಸಲ ನಿಜವನ್ನೇ ಹೇಳಿ ಕೇಳುತ್ತಿದ್ದೇನೆ.