ಹೆಲಿಕಾಪ್ಟರಿನ ಕೆಳಗೆ ಚಪ್ಪಲಿ ಹಿಡಿದು ನಿಂತವನು

ಗದಗ, ಫೆಬ್ರವರಿ ೩೧, ೨೩೧೮

ಚಿತ್ರ ನಿರ್ದೇಶಕಿ ಅರುಂಧತಿ ಅವರಿಗೆ, ಗದಗಿನ ಬಿಂಬಮನೆಯ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ, ಯಾರೋ ಕುಚೇಷ್ಟೆ ಮಾಡಿದ್ದಾರೆಂದು ಕಾಗದ ಹರಿದುಹಾಕಬೇಡಿ. ಫೆಬ್ರವರಿಗೆ ಬಹುಕಾಲದಿಂದ ಅನ್ಯಾಯವಾಗಿದೆ ಎಂದು ನಮ್ಮ ಹಿರಿಯರು ಅದಕ್ಕೂ ತುಂಬು ದಿನಗಳನ್ನು ಕೊಟ್ಟರು, ಅಷ್ಟೇ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ಚಿತ್ರ ನೋಡಿಯೇ ಕಲಿತದ್ದು, ಆದ್ದರಿಂದ ತಪ್ಪಿನಲ್ಲಿ ಅರ್ಧ ಪಾಲು ನಿಮ್ಮದು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬೊಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ. ಎಲ್ಲರೂ ಮುತ್ತಜ್ಜಿಗೋ, ತೀರಿಹೋದ ಅಪ್ಪನಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತೇನೆಂದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಿನಗೇನ್ ತಲಿ ಕೆಟ್ಟದೇನ? ಸತ್ತ ಅಪ್ಪಗ ಎರಡ ಮಾತ ಬರಿಯೂದ ಬಿಟ್ಟು, ಗುರ್ತಿಲ್ಲದಾಕಿಗೆ ಬರೀತಾಳಂತ" ಎಂದು ಬೈದಳು.

ಬರೆಯಲೇಬೇಕಿತ್ತು. ಹಳೆಯ ಚಿತ್ರಗಳನ್ನು ಕಾದಿಡುವ ನಮ್ಮ ಭಂಡಾರದ ದಾಖಲೆಯಲ್ಲಿ 'ಮಿಷನ್ ಮಲ್ಲಿಗೆ' ನಿಮ್ಮ ಮೊದಲ ಮತ್ತು ಕೊನೆಯ ಚಿತ್ರ ಎಂದಿದೆ. ಬಿಡುಗಡೆಯಾದ ವಾರವೇ, ಖಾಲಿ ಕುರ್ಚಿಗಳನ್ನು ನೋಡಿ, ಇನ್ನು ಕ್ಯಾಮೆರಾ ಮುಟ್ಟುವುದಿಲ್ಲವೆಂದು ಮನೆಗೆ ಹೋದಿರಂತೆ. ಕಾಗದ ಆ ವಾರವೇ ನಿಮ್ಮ ಕೈಸೇರಬೇಕು. ನಿಮ್ಮನ್ನು ತಡೆಯುವುದೊಂದೇ ನನ್ನ ಉದ್ದೇಶ.

ಹಾಗೆಂದು ಸುಳ್ಳು ಹೊಗಳಿಕೆ ನನ್ನ ಬಾಯಲ್ಲಿ ಬರುವುದಿಲ್ಲ. ಚಿತ್ರ ಚೆನ್ನಾಗಿಲ್ಲ. ಗೂಢಚಾರನೊಬ್ಬ ಮದುವೆ ಮನೆಯ ಅಡುಗೆಭಟ್ಟನ ವೇಷ ಹಾಕಿ, ಹಲ್ಲಿನ ಡಾಕ್ಟರಮ್ಮನನ್ನು ಪ್ರೀತಿಸುತ್ತಾನೆ, ಇಲ್ಲಿಯವರೆಗೆ ಸರಿ. ಆಮೇಲೆ ಪ್ರೀತಿ ಮೊಳೆಯಬೇಕಾದಲ್ಲೆಲ್ಲ ಹೆಲಿಕಾಪ್ಟರ್ ಬರುತ್ತದೆ. ನಗಬೇಕಾದಲ್ಲಿ ಯಾರೋ ಸಾಂಬಾರಿನ ಕೊಳಗಕ್ಕೆ ಬೀಳುತ್ತಾರೆ, ಅದೂ ಮತ್ತೆ ಮತ್ತೆ. ಕೊನೆಗೆ ಅವನ ನಿಜ ತಿಳಿದ ಆಕೆ, "ಇಷ್ಟು ದಿನ ನನಗೆ ಯಾಕೆ ಸುಳ್ಳು ಹೇಳಿದೆ?" ಎಂದು ಕೇಳುತ್ತಾಳೆ. ಇಡೀ ಚಿತ್ರದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಅವನು ಬಾಯಿ ತೆರೆಯುತ್ತಾನೆ, ಬಾಂಬು ಸಿಡಿಯುತ್ತದೆ. ಹೊಗೆ ಕರಗಿದಾಗ ಇಬ್ಬರೂ ಕಡಲ ದಂಡೆಯಲ್ಲಿ ಕುಣಿಯುತ್ತಿರುತ್ತಾರೆ. ಆ ಜಾಗ ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆದರೂ ಚಿತ್ರ ನಮ್ಮಲ್ಲಿ ಉಳಿದಿದೆ, ಏಕೆಂದರೆ ನಿಮ್ಮ ಕಾಲದ ಒಳ್ಳೆಯ ಚಿತ್ರಗಳನ್ನು ಜನ ನೋಡಿ ನೋಡಿ ಸವೆಸಿಬಿಟ್ಟರು. ಇದನ್ನು ಯಾರೂ ಮುಟ್ಟಿರಲಿಲ್ಲ. ನಮ್ಮ ಊರೀಗ ಬಟ್ಟೆ ಚಾವಣಿಯ ಊರು. ಗಾಳಿ ಜೋರಾದ ದಿನ ಚಾವಣಿ ಸುತ್ತಿಟ್ಟು, ಓಣಿಯವರೆಲ್ಲ ಬಿಂಬಮನೆಯಲ್ಲಿ ಸೇರುತ್ತೇವೆ. ಬಿಂಬಮನೆ ಎಂದರೆ ನಿಮ್ಮ ಥಿಯೇಟರ್, ಆದರೆ ನೆಲದಡಿಯಲ್ಲಿ. ನೀರು ಕಪ್ಪತಗುಡ್ಡದ ಮೇಲಿನ ಮಂಜುಬಲೆಗಳಿಂದ ಬರುತ್ತದೆ: ಬೆಳಗಿನ ಮಂಜನ್ನು ಹಿಡಿದು ಹನಿ ಮಾಡುವ ಬಲೆಗಳು. ತಿನ್ನುವ ಮಂಡಕ್ಕಿ ಗಿರಮಿಟ್ಟು ಮಾತ್ರ ನಿಮ್ಮ ಕಾಲದ್ದೇ, ಅದಕ್ಕೆ ಯಾರೂ ಕೈಹಚ್ಚಿಲ್ಲ. ಇಂಥ ಒಂದು ಗಾಳಿಯ ದಿನ, ಬಹಳ ಹಿಂದೆ, ಮದುವೆ ಗೊತ್ತಾಗಬೇಕಿದ್ದ ಹುಡುಗಿಯೊಬ್ಬಳು ಆ ಬಾಂಬು ಸಿಡಿದದ್ದೇ ಎದ್ದು ಚಿತ್ರ ನಿಲ್ಲಿಸಿದಳಂತೆ. ಪಕ್ಕದಲ್ಲಿದ್ದ ಹುಡುಗನ ಕಡೆ ತಿರುಗಿ, "ಅಂವಾ ಹೇಳಲಿಲ್ಲ, ನೀ ಹೇಳು" ಎಂದಳಂತೆ. ಅಂದಿನಿಂದ ಅದು ಉತ್ತರದ ಶಾಸ್ತ್ರವಾಯಿತು. ಗದಗಿನಲ್ಲಿ ಈಗ ಯಾವ ಜೋಡಿಯೂ ನಿಮ್ಮ ಚಿತ್ರ ನೋಡದೆ, ಅಲ್ಲಿ ನಿಲ್ಲಿಸಿ ತಾವು ಆಡಿದ ಒಂದು ಸುಳ್ಳನ್ನು ಪರಸ್ಪರ ಹೇಳದೆ ಮದುವೆಯಾಗುವುದಿಲ್ಲ.

ಚಿತ್ರ ನಡೆಸುವವಳು, ನಿಲ್ಲಿಸುವವಳು ನಾನು. ಜೋಡಿಗಳು ಒಪ್ಪಿಕೊಳ್ಳುವುದೆಲ್ಲ ಇಂಥವೇ: ಗೊರಕೆ ಹೊಡೆಯುತ್ತೇನೆ, ವಯಸ್ಸು ಕಡಿಮೆ ಹೇಳಿದ್ದೆ, ಅಡುಗೆ ಬರುವುದಿಲ್ಲ. ಎಲ್ಲರೂ ಮನೆಯಲ್ಲೇ ಉತ್ತರ ಉರುಹೊಡೆದು ಬರುತ್ತಾರೆ. ಹೋದ ತಿಂಗಳು ನನ್ನ ಸರದಿ ಬಂತು. ಹುಡುಗ ಮಂಜುಬಲೆ ಹೆಣೆಯುವ ಫಕೀರೇಶ. ಬಾಂಬು ಸಿಡಿಯಿತು, ನಿಲ್ಲಿಸಿದೆ. ಫಕೀರೇಶ ಪರದೆಯ ಕಡೆ ಕೈ ತೋರಿಸಿದರು.

"ನನಗ ಈ ಪಿಕ್ಚರ್ ಭಾಳ ಸೇರ್ತದ್ರಿ" ಎಂದರು. "ಮಂದಿ ನಗ್ತಾರಂತ ನಾನೂ ಬೈಕೋತ ಬಂದೀನಿ. ಬೈದದ್ದೇ ಸುಳ್ಳು."

ನನಗೆ ಸಿಟ್ಟೇ ಬಂತು. "ಸೇರೂವಂಥಾದ್ದು ಏನದರಿ ಇದರಾಗ? ಹೇಳ್ರಿ ನೋಡೂಣು" ಎಂದೆ.

"ಹೆಲಿಕಾಪ್ಟರ್ ಬೆನ್ನ ಹತ್ತಿದಾಗ ಆಕಿ ಚಪ್ಪಲಿ ಬಿಟ್ಟು ಓಡ್ತಾಳಲ್ರಿ. ಅಂವಾ ಗುಂಡಿನಾಗ ತಿರುಗಿ ಹೋಗಿ ತಗೊಂಡ ಬರ್ತಾನ. ಒಂದ ಮಾತ ಆಡಂಗಿಲ್ಲ."

ಎಷ್ಟೋ ಸಲ ಆ ಚಿತ್ರ ನಡೆಸಿದವಳು ನಾನು. ಅಂಥದ್ದು ಇಲ್ಲವೇ ಇಲ್ಲ ಎಂದು ವಾದಿಸಿ ಹಿಂದಕ್ಕೆ ತಿರುಗಿಸಿದೆ. ಇತ್ತು. ಎಲ್ಲರೂ ಆಕಾಶ ನೋಡುವಾಗ, ಪರದೆಯ ಎಡ ಅಂಚಿನಲ್ಲಿ, ಅವನ ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಆಕೆಯ ಚಪ್ಪಲಿ. ಆಕೆ ಓಡಿ ಸೇರಿದ ಕೋಟೆಯ ಮೇಲೆ ಬಂದವನು ಬಗ್ಗಿ, ಆಕೆ ಕಾಲಿಟ್ಟರೆ ಸಾಕು ಎಂಬಂತೆ ಚಪ್ಪಲಿ ಜೋಡಿಯನ್ನು ತಿರುಗಿಸಿ ಇಟ್ಟು, ಆಮೇಲೆ ಗುಂಡು ಹಾರಿಸುತ್ತಾನೆ. ಅದನ್ನು ನಟ ತಾನಾಗಿ ಮಾಡಿದನೋ, ನೀವು ಹೇಳಿಕೊಟ್ಟಿರೋ ತಿಳಿಯದು; ಕತ್ತರಿಸದೆ ಉಳಿಸಿದವರಂತೂ ನೀವೇ. ನನಗೆ ಅಳು ಬಂತು. ನನ್ನ ಉತ್ತರವೂ ಬಾಕಿ ಇತ್ತಲ್ಲ, ಹೇಳಿಬಿಟ್ಟೆ: "ಪಿಕ್ಚರ್ ಸುರು ಆಗೂ ಮದಲೇ ನಿಮ್ಮನ್ನ ಒಪ್ಪಿದ್ನಿರಿ. ಸುಮ್ಮ ಮಾರಿ ಬಿಗದು ಕುಂತಿದ್ದೆ." ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಅರುಂಧತಿಯವರೇ, ಪ್ರೀತಿ ಎಂದರೇನೆಂದು ನಿಮಗೆ ಗೊತ್ತಿತ್ತು. ಜನ ಎದ್ದುಹೋದಾರೆಂಬ ಭಯಕ್ಕೆ ಅದನ್ನು ಅಂಚಿಗೆ ತಳ್ಳಿ ನಡುವೆ ಹೆಲಿಕಾಪ್ಟರ್ ತಂದಿರಿ. ಮುಂದಿನ ಸಲ ಅದನ್ನು ನಡುವೆ ತನ್ನಿ. ಅದೂ ಸೋತರೆ ಸೋಲಲಿ. ಸೋತದ್ದನ್ನು ನಾವು ಹೇಗೆ ನೋಡಿಕೊಂಡಿದ್ದೇವೆಂದು ಹೇಳಿದ್ದೇನಲ್ಲ. ಮಾಡದೆ ಮಾತ್ರ ಇರಬೇಡಿ, ಮಾಡದ್ದನ್ನು ಉಳಿಸಲು ನಮಗೆ ದಾರಿಯಿಲ್ಲ.

ಭಂಡಾರದಲ್ಲಿ ನಿಮ್ಮ ಹೆಸರಿನ ಕಪಾಟಿನಲ್ಲಿ ಇವತ್ತಿಗೆ ಒಂದೇ ಚಿತ್ರವಿದೆ. ಈ ಕಾಗದ ಅಂಚೆಗೆ ಹಾಕಿ, ನಾಳೆ ಬೆಳಿಗ್ಗೆ ಫಕೀರೇಶರ ಜೊತೆ ಹೋಗಿ ಆ ಕಪಾಟು ತೆರೆಯುತ್ತೇನೆ. ಆ ಚಿತ್ರದ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಮಾಡಿಟ್ಟಿದ್ದೇನೆ.

ನಿಮ್ಮ,
ನೀಲಗಂಗಾ