ತೊಳೆದ ಕೆಂಪು ಆಲೂಗಡ್ಡೆ

ತಂಗೀ,

ಬೆಳಗಿನ ಬಸ್ಸಿಗೆ ತವರಿಗೆ ಹೊರಟೆ, ನಾಡಿದ್ದು ಬರುತ್ತೇನೆ.

ಎದ್ದ ಕೂಡಲೇ ಉಗ್ರಾಣಕ್ಕೆ ಹೋಗು. ಬಿತ್ತನೆಗೆಂದು ನೀನು ತೊಳೆದು ಬುಟ್ಟಿಗೆ ತುಂಬಿದ ಕೆಂಪು ಆಲೂಗಡ್ಡೆಯನ್ನೆಲ್ಲ ನೆರಳಿನಲ್ಲಿ ಗೋಣಿತಟ್ಟಿನ ಮೇಲೆ ಹರಡು. ಒಂದರ ಮೇಲೊಂದು ಬೀಳಬಾರದು. ಮೆತ್ತಗಾದದ್ದನ್ನು ಇವತ್ತೇ ಬೇಯಿಸಿಬಿಡು. ಹಿತ್ತಿಲಲ್ಲಿ ಉಳಿದ ಎರಡು ಸಾಲನ್ನು ಈಗಲೇ ಅಗೆಯಬೇಡ, ಸಿಪ್ಪೆ ಬಲಿಯಲಿ. ಅಗೆದ ಮೇಲೂ ಮಣ್ಣನ್ನು ಕೈಯಿಂದ ಉಜ್ಜಿದರೆ ಸಾಕು. ನೀರು ತಾಗಿದ ಗಡ್ಡೆ ಬೇಗ ಕೊಳೆಯುತ್ತದೆ.

ಇದು ನೀನು ತೊಳೆಯುವಾಗಲೇ ನನಗೆ ಗೊತ್ತಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಒಂದು ಗಡ್ಡೆಯನ್ನು ಅಂಗೈಯಲ್ಲಿಟ್ಟುಕೊಂಡು, "ನೋಡೇ, ಚಿಕ್ಕ ಸೊಸೆ ಕೈಗುಣ. ಎಷ್ಟು ಕೆಂಪಗಿದೆ" ಅಂದರು. ಹನ್ನೊಂದು ವರ್ಷ ನಾನು ಮಣ್ಣು ಮೆತ್ತಿದ ಗಡ್ಡೆಯನ್ನೇ ಬುಟ್ಟಿಗಟ್ಟಲೆ ತಂದು ಸುರಿದೆ. ಒಂದನ್ನೂ ಅವರು ಕೈಗೆತ್ತಿಕೊಂಡವರಲ್ಲ. ಹೊಟ್ಟೆ ಉರಿಯಿತು, ಸುಮ್ಮನಾದೆ. ಆವತ್ತಿನಿಂದ ದೇವರ ಮುಂದೆ ಕೂತು ಕಣ್ಣು ಮುಚ್ಚಿದರೆ ನಿನ್ನ ಬುಟ್ಟಿಯೇ ಎದುರಿಗೆ ಬರುತ್ತದೆ.

ಹೆದರಬೇಡ, ಎರಡೇ ದಿನವಾಗಿದೆ. ಇವತ್ತು ಒಣಗಿಸಿದರೆ ಮುಕ್ಕಾಲು ಪಾಲು ಉಳಿಯುತ್ತದೆ.

ಯಾಕೆ ಹರಡಿದೆ ಎಂದು ಅತ್ತೆ ಕೇಳುತ್ತಾರೆ. ಅಕ್ಕ ಹೇಳಿಕೊಟ್ಟಳು ಅನ್ನು. ಅವರು ಕೇಳದಿದ್ದರೂ ಅನ್ನು.